ಉಪ್ಪಿನಕಾಯಿ ಜಾಡಿಯ ಸೋಪು

ಕೈಯಾರೆ ಮಾಡಿದ ವಸ್ತುವಿನಷ್ಟು ಚೆಂದದ್ದು ಬೇರೊಂದಿಲ್ಲ ಅಂತ ನಾನು ಈಗಲೂ ಹೇಳುತ್ತೇನೆ. ಮಾಡುವ ಕೈ ನಮ್ಮದಾಗಿರಬೇಕು, ಬಳಸುವ ಮೈ ಬೇರೆಯವರದಾಗಿರಬೇಕು, ಅಷ್ಟೇ. ನಾನು ಹೆಣೆದ ವೈರ್ ಬುಟ್ಟಿ ನೆಟ್ಟಗೆ ನಿಂತಿದ್ದಕ್ಕಿಂತ ಮಗುಚಿ ಬಿದ್ದಿದ್ದೇ ಹೆಚ್ಚು. ಹಳೇ ಸೀರೆಯಿಂದ ನಾನು ಹೊಲಿದ ಕಾಲೊರಸನ್ನು ಎಡವಿ ನಮ್ಮ ಅತ್ತೆ ಸುಮಾರು ದಿನ ಕುಂಟಿದ್ದರು. ಇಷ್ಟಾದರೂ ಮನೆಯವರು ತಡೆದುಕೊಂಡಿದ್ದರು. ಎಪ್ಪತ್ತರ ದಶಕ ಮುಗಿಯುತ್ತಾ ಬಂದಾಗ ಚನ್ನಗಿರಿಯ ನಮ್ಮ ಬೀದಿಯ ಮಹಿಳಾ ಸಮಾಜದಲ್ಲಿ ಸೋಪು ಮಾಡೋದನ್ನು ಹೇಳಿಕೊಟ್ಟರು ನೋಡಿ, ಅಲ್ಲಿಂದ ಅವರ ಗ್ರಹಚಾರ ಕೆಟ್ಟಿತು.

ಹೇಳಿಕೊಟ್ಟ ಮೇಡಂ ಕೊಬ್ಬರಿ ಎಣ್ಣೆ ಅಂದಿದ್ದರು. ನನಗೆ ತವರಿನಿಂದ, ಅಂದರೆ ಜಗಳೂರಿನಿಂದ, ಡಬ್ಬಿ ತುಂಬಾ ಹೊಂಗೆ ಎಣ್ಣೆ ಬಂದಿತ್ತು. ಎಣ್ಣೆ ಅಂದಮೇಲೆ ಎಣ್ಣೆ ತಾನೇ? ಕಾಸ್ಟಿಕ್ ಸೋಡಾ ಕರಗಿಸಿದ ನೀರಿಗೆ ಅದನ್ನೇ ಹುಯ್ದು, ರಟ್ಟೆ ಬಿದ್ದುಹೋಗುವಷ್ಟು ತಿರುವಿ, ಅತ್ತೆ ಬರ್ಫಿ ಹರಡುವ ತಟ್ಟೆಗೆ ಸುರಿದೆ. ಅತ್ತೆ ಆ ತಟ್ಟೆಗೆ ಅಲ್ಲೇ ಎಳ್ಳು ನೀರು ಬಿಟ್ಟರು. ಸೋಪು ಮಾತ್ರ ಗಟ್ಟಿಯಾಗಿ ಬಂತು, ಗೋಡೆಗೆ ಮೊಳೆ ಹೊಡೆಯಬಹುದಿತ್ತು. ನೊರೆ ಒಂದು ಬರಲಿಲ್ಲ. ವಾಸನೆಗೆ ಕೊರತೆ ಇರಲಿಲ್ಲ.

ಎದುರುಮನೆಯ ಗಿರಿಜಕ್ಕ ಸಮಾಜದ ಅಧ್ಯಕ್ಷೆ. ಮೆಚ್ಚುಗೆಯಾದರೆ ದಾವಣಗೆರೆಯ ಮಳಿಗೆಯಲ್ಲಿ ಸಮಾಜದ ಹೆಸರಲ್ಲಿ ನನ್ನ ಸೋಪು ಮಾರುತ್ತೇವೆ ಅಂದರು. ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅದೇ ಉಬ್ಬಿನಲ್ಲಿ, "ನಮ್ಮನ್ಯಾಗೆ ಇನ್ನು ಅಂಗಡಿ ಸೋಪು ಹೊಸ್ತಿಲು ದಾಟಂಗಿಲ್ಲ" ಅಂತ ಬೀದಿಗೆಲ್ಲಾ ಕೇಳುವಂತೆ ಸಾರಿಬಿಟ್ಟೆ. ಹೋದರೆ ಮಾನ ಹೋಗುವುದು ನನ್ನದೇ ಅನ್ನುವ ಬುದ್ಧಿ ಆಗ ಇರಲಿಲ್ಲ.

ನಮ್ಮ ಯಜಮಾನರು ನಲ್ಲೂರಿನಲ್ಲಿ ಮೇಷ್ಟ್ರು. ದಿನಾ ಬಸ್ಸಿಗೆ ಹೋಗಿಬರುವವರು. ನನ್ನ ಸೋಪಿನಲ್ಲಿ ಮೊದಲ ಸಲ ಮಿಂದು ಹೋದ ದಿನ ಬಸ್ಸಿನಲ್ಲಿ ಕಂಡಕ್ಟರು, "ಯಾರ್ರೀ ಅದು, ಹೊಂಗೆಣ್ಣಿ ಡಬ್ಬಿ ಒಳಗೆ ಇಟ್ಕಂಡೋರು? ಮ್ಯಾಲೆ ಹಾಕ್ರಿ" ಅಂತ ಕೂಗಿದನಂತೆ. ಇವರು ಎಲ್ಲರ ಜೊತೆ ತಾವೂ ಆಚೀಚೆ ನೋಡಿ ಡಬ್ಬಿ ಹುಡುಕಿದರಂತೆ. ಮನೆಗೆ ಬಂದು ಸಿಟ್ಟಾಗುತ್ತಾರೆ ಅಂದುಕೊಂಡರೆ, "ಪಕ್ಕದ ಸೀಟು ಖಾಲಿ ಆತು ಕಣೇ, ಆರಾಮಾಗಿ ಕುಂತ್ಕಂಡು ಬಂದೆ" ಅಂದರು. ಅಂಥಾ ಒಳ್ಳೆಯ ಗಂಡಸಿನ ಮೇಲೆ ಅವತ್ತೇ ಅನುಮಾನ ಬರಬೇಕಿತ್ತು.

ನಮ್ಮಲ್ಲಿ ಯುಗಾದಿ ಕಳೆದ ಕೂಡಲೇ ಅತ್ತೆ ಉಪ್ಪಿನಕಾಯಿ ಜಾಡಿಯನ್ನು ತೊಳೆದು, ಬಿಸಿಲಿಗಿಟ್ಟು, ಇಂಗಿನ ಹೊಗೆ ಹಿಡಿಸಿ, ಬಾಯಿಗೆ ಬಟ್ಟೆ ಬಿಗಿದು ಉಗ್ರಾಣದ ಮೂಲೆಗಿಡುತ್ತಾರೆ. ಮಾವಿನಕಾಯಿ ಬರುವವರೆಗೆ ಅದನ್ನು ಯಾರೂ ಮುಟ್ಟುವಂತಿಲ್ಲ. ಒದ್ದೆ ಕೈ ತಾಗಿದರೆ ವರ್ಷದ ಉಪ್ಪಿನಕಾಯಿಗೆ ಬೂಸ್ಟು ಬರುತ್ತದೆ. ಆ ಜಾಡಿಯ ಬಟ್ಟೆಯನ್ನು ಹುರಿಯಲ್ಲಿ ಸಡಿಲವಾಗಿ ಕಟ್ಟಿದ್ದು ಒಂದು ದಿನ ಕಣ್ಣಿಗೆ ಬಿತ್ತು. ಅತ್ತೆಯ ಗಂಟು ಹಲ್ಲಲ್ಲಿ ಎಳೆದರೂ ಬಿಚ್ಚುವುದಿಲ್ಲ. ಇದು ನಮ್ಮ ಯಜಮಾನರು ಪೈಜಾಮಕ್ಕೆ ಹಾಕುವ ಗಂಟು! ಬಿಚ್ಚಿ ನೋಡಿದರೆ ಕಾಗದದಲ್ಲಿ ಸುತ್ತಿದ ಅಂಗಡಿ ಸೋಪು, ಗಂಧದ್ದು. ಅಬ್ಬಾ, ನನಗೆ ಬಂದ ಸಿಟ್ಟೇ! ಸಂಜೆ ಅವರು ಬರಲಿ, ನೀರಿಳಿಸುತ್ತೇನೆ ಅಂತ ಸೋಪನ್ನು ಕೈಗೆತ್ತಿಕೊಂಡೆ. ಎತ್ತಿಕೊಂಡದ್ದನ್ನು ಮೂಸಿದೆ. ಮೂಸಬಾರದಿತ್ತು. ಒಂದೇ ಸಲ ಅಂತ ಬಚ್ಚಲಿಗೆ ಒಯ್ದೆ. ಒರೆಸಿ, ಸುತ್ತಿ, ಅವರ ಗಂಟನ್ನೇ ಹಾಕಿ ಇಟ್ಟೆ. ಸಂಜೆ ಯಾರ ನೀರೂ ಇಳಿಯಲಿಲ್ಲ.

ಆಮೇಲೆ ಅದೇ ಅಭ್ಯಾಸವಾಯಿತು. ಸೋಪು ಸವೆಯುತ್ತಿತ್ತು, ಹೊಸದು ಬಂದು ಕೂರುತ್ತಿತ್ತು. ಪಾಪ, ಅವರು ಯಾರನ್ನು ಕೇಳಿಯಾರು? ಆದರೆ ಇಬ್ಬರ ಮೈಗೆ ಅಷ್ಟು ಬೇಗ ಸವೆಯುವುದು ಹೇಗೆ ಅಂತ ನನಗೇ ಸೋಜಿಗ. ಅಷ್ಟರಲ್ಲಿ ನ್ಯಾಮತಿಯ ನೆಂಟರು ಮಾವಿನಕಾಯಿ ಬಂದಿದೆ, ಕಳಿಸಲೇ ಅಂತ ಹೇಳಿಕಳಿಸಿದರು. ಬೇರೆ ವರ್ಷವಾಗಿದ್ದರೆ ಅತ್ತೆ ಅಂದೇ ಸಾಸಿವೆ ಒಣಗಿಸುತ್ತಿದ್ದರು. ಈ ಸಲ, "ಅವಸರ ಏನೈತವ್ವ, ಕಾಯಿ ಇನ್ನೂ ಬಲೀಲಿ" ಅಂದರು. ಮರುದಿನ ಸೋಪು ಬಿಚ್ಚಿದರೆ ಅದಕ್ಕೆ ಉದ್ದನೆಯ ಬಿಳೀ ಕೂದಲು ಅಂಟಿತ್ತು. ಕಡಲೆಹಿಟ್ಟು ಬಿಟ್ಟು ಬೇರೇನನ್ನೂ ಮೈಗೆ ಮುಟ್ಟಿಸೆನು ಅನ್ನುತ್ತಿದ್ದ ನಮ್ಮತ್ತೆ!

ಇಂಥ ಹೊತ್ತಿನಲ್ಲಿ ಗಿರಿಜಕ್ಕ ತೀರ್ಪು ಹೇಳಲು ಬಂದರು. ನನ್ನ ಕೈ ಹಿಡಿದು ಮೂಸಿದರು. ಅತ್ತೆಯ ಹತ್ತಿರ ಕೂತು ಮೂಸಿದರು. ಯಜಮಾನರು ಪಕ್ಕದಲ್ಲಿ ಹಾದುಹೋದಾಗಲೂ ಮೂಗರಳಿಸಿದರು. "ಮನಿ ಮಂದಿಯೆಲ್ಲಾ ಘಮ್ ಅಂತೀರಲ್ಲೇ! ನಾ ಹೊಂಗೆಣ್ಣಿ ಅಂತ ಹೆದರಿದ್ದೆ" ಅಂತ ಬೀದಿಗೆಲ್ಲಾ ಹಂಚಲು ಇದ್ದಬದ್ದ ಬಿಲ್ಲೆಗಳನ್ನು ಸೆರಗಿಗೆ ಕಟ್ಟಿಕೊಂಡು ಹೋದರು.

ಹೋದವರು ವಾರ ಕಳೆಯುವುದರೊಳಗೆ ಗಾಳಿ ಬಂದಂತೆ ಬಂದರು. "ಏನವ್ವ ಇದು, ಮೈಗೆ ಹಚ್ಕಂಡ್ರೆ ನಮ್ಮ ಎಮ್ಮಿ ಸೈತ ದೂರ ಸರೀತೈತೆ! ನಿಮ್ಮದು ಹೆಂಗೆ ಘಮ ಬರ್ತೈತೆ, ನಿಜ ಹೇಳು." ಮಳಿಗೆಯೂ ಹೋಯಿತು, ಮಾನವೂ ಹೋಯಿತು ಅಂದುಕೊಳ್ಳುವಾಗ ಒಳಗಿನಿಂದ ಯಜಮಾನರ ದನಿ ಬಂತು: "ಹಂಗೇ ಹಚ್ಕಬಾರದು ಗಿರಿಜಕ್ಕ. ಮೊದಲು ಉಪ್ಪಿನಕಾಯಿ ಜಾಡ್ಯಾಗೆ ಇಡಬೇಕು." ಹೂಬತ್ತಿ ಹೊಸೆಯುತ್ತಿದ್ದ ಅತ್ತೆ ತಲೆ ಎತ್ತದೆ, "ಬಟ್ಟೆ ಬಿಗಿಯಾಗಿ ಕಟ್ಟಬೇಕು, ನಮ್ಮ ಸೊಸಿ ಕಟ್ಟಿದಂಗೆ ಸಡಿಲ ಅಲ್ಲ" ಅಂದರು. ಬಿಳೀ ಕೂದಲು ನನಗೆ ಕಂಡಿದ್ದರೆ ನನ್ನ ಕರೀ ಕೂದಲು ಅವರಿಗೆ ಕಾಣದೆ ಇರುತ್ತದೆಯೇ? ನಾನು ಮುಖ ಸೆರಗಿನಲ್ಲಿ ಮುಚ್ಚಿಕೊಂಡು ಅಡುಗೆಮನೆಗೆ ಓಡಿದೆ.

ಗಿರಿಜಕ್ಕ ನಂಬಿದರು. ಬೀದಿಯ ಹೆಂಗಸರೆಲ್ಲಾ ತೊಳೆದು ಒಣಗಿಸಿಟ್ಟ ತಮ್ಮ ಜಾಡಿಗಳಿಗೆ ನನ್ನ ಸೋಪು ಹಾಕಿ ಬಾಯಿ ಬಿಗಿದರು. ಸೋಪಿಗೆ ಘಮ ಬರುವ ಮೊದಲೇ ಮಾವಿನಕಾಯಿ ಬಂತು. ಸೋಪು ತೆಗೆದು ಉಪ್ಪಿನಕಾಯಿ ತುಂಬಿದರು. ಹೊಸ ಉಪ್ಪಿನಕಾಯಿಯನ್ನು ಮನೆಮನೆಗೂ ಕೊಡುವುದು ನಮ್ಮ ಬೀದಿಯ ಪದ್ಧತಿ. ಆ ವರ್ಷ ನಮ್ಮ ಮನೆಗೆ ಎಲ್ಲರೂ ಒಂದೊಂದು ಬಟ್ಟಲು ಹೆಚ್ಚಿಗೆಯೇ ಕಳಿಸಿದರು. ಅತ್ತೆ, ಯಜಮಾನರು ಇಬ್ಬರೂ ಅಷ್ಟೂ ಬಟ್ಟಲುಗಳನ್ನು ನನ್ನ ತಟ್ಟೆಯ ಸುತ್ತ ಇಟ್ಟು, ತಾವು ಬರೀ ಮಜ್ಜಿಗೆಯಲ್ಲಿ ಊಟ ಮುಗಿಸಿ ಎದ್ದರು. ಮೈಗೆ ಹಚ್ಚಿಕೊಳ್ಳಲಾರದೆ ನಾನು ತಪ್ಪಿಸಿಕೊಂಡಿದ್ದ ಆ ಸೋಪನ್ನು ಮುಂದಿನ ಯುಗಾದಿಯವರೆಗೆ ಅನ್ನದ ಜೊತೆ ನೆಂಚಿಕೊಂಡೆ.