ದುಡಗುಂಬಿಯ ಬೆನ್ನು ಹತ್ತಿ

ಫಕೀರಸಾಬ: ಮಾಸ್ತರ್ರ, ಆ ಒಂದು ಶಬ್ದ ಬಿಟ್ಟಬಿಡ್ರಿ. ಕನ್ನಡದಾಗ ಶಬ್ದಕ್ಕೇನು ಬರ ಬಂದೈತೇನ್ರಿ?

ಬಸಂತರಾಯ: ಬಿಡೂದಿಲ್ಲ. ಮೂರು ತಿಂಗಳಿಂದ ‘ದುಡಗುಂಬಿ’ ಬೆನ್ನ ಹತ್ತೇನಿ. ಇವತ್ತ ಸಂಜಿಗೆ ಲೇಖನ ಕೊಟ್ರ ಸಾಹಿತ್ಯ ಸಮ್ಮೇಳನದ ಪುಸ್ತಕದಾಗ ನನ್ನ ಹೆಸರು ಬರ್ತೈತಿ.

(ಸಿಂದಗಿಯ ಬಸಂತರಾಯರು ಮೂವತ್ನಾಲ್ಕು ವರ್ಷ ಕಲಿಸಿ ನಿವೃತ್ತರಾದವರು. ಅರ್ಧ ಊರಿನ ಹೆಸರು ಹಾಜರಿಯಲ್ಲಿ ಬರೆದಿದ್ದಾರೆ. ಅವರ ಹೆಸರು ಅಚ್ಚಾದದ್ದು ಒಮ್ಮೆ ಮಾತ್ರ, ಮದುವೆ ಪತ್ರಿಕೆಯಲ್ಲಿ. ಫಕೀರಸಾಬ ದೇವಣಗಾಂವದಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವವ. ಮೂವತ್ತು ವರ್ಷ ಹಳೆಯ ಸ್ಮರಣ ಸಂಚಿಕೆಯೊಂದಕ್ಕೆ ಹೊಸ ರಟ್ಟು ಹಾಕಿ ಈಗಷ್ಟೇ ತಂದುಕೊಟ್ಟಿದ್ದಾನೆ. ಕೊಟ್ಟ ಮೇಲೂ ಹೋಗಲೊಲ್ಲ. ಕಟ್ಟೆಯ ಮೇಲೆ ಕೂತು ಅಂಗಿಯ ಕಿಸೆ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಾನೆ.)

ಫಕೀರಸಾಬ: ಅಂಥಾದ್ದೇನೈತ್ರಿ ಅದರಾಗ?

ಬಸಂತರಾಯ: ಕಣದಾಗ ರಾಶಿ ಎತ್ತಿದ ಮ್ಯಾಲೆ ಹಕ್ಕಿಗಂತ ಬಿಡೋ ಕೊನೀ ಹಿಡಿ ಜೋಳ. ಎಂಟನೂರು ವರ್ಷದ ಶಬ್ದ.

ಫಕೀರಸಾಬ: ಯಾರ್ರಿ ಎಣಿಸಿದವರು?

ಬಸಂತರಾಯ: ನಾನ ಬರದೇನಿ. ಈ ವರ್ಷ ಬಂದ ನಿಘಂಟಿನಾಗ ಶಬ್ದ ಐತಿ. ನಿಘಂಟು, ಜಾನಪದ ಕೋಶ ನೋಡ್ರಿ ಅಂತೈತಿ. ಕೋಶ, ಈ ಸ್ಮರಣ ಸಂಚಿಕೆ ನೋಡ್ರಿ ಅಂತೈತಿ.

ಫಕೀರಸಾಬ: ಕಚೇರಿ ಕೆಲಸ ಆದಂಗಾತು. ಈ ಟೇಬಲ್ಲಿನವ ಆ ಟೇಬಲ್ಲಿಗೆ ಹೋಗಂತಾನ.

ಬಸಂತರಾಯ: ಇದರ ಮುಂದ ಟೇಬಲ್ಲಿಲ್ಲ. ಪರಿವಿಡಿಯಾಗ ಐತಿ ನೋಡು, ತೊಂಬತ್ತೇಳನೇ ಪುಟ, ‘ಮಾಹಿತಿ ಕೊಟ್ಟವರು’... ಇದೇನು, ತೊಂಬತ್ತಾರಕ್ಕ ಮುಗದ್ಹೋತು?

ಫಕೀರಸಾಬ: ಇಲಿ ತಿಂದಿರಬೇಕ್ರಿ.

ಬಸಂತರಾಯ: ಅದೊಂದ ಹಾಳಿ ಹುಡುಕಿ ತಿನ್ನಾಕ ಸಾಲಿ ಕಲತ ಇಲಿ ಏನು? ಕೊನೀ ಹಾಳಿ ಅಂಟಿಕೊಂಡಾವ, ಬಿಡಸಿ ತಾ ಅಂತನ ನಿನ್ನ ಕೈಯಾಗ ಕೊಟ್ಟಿದ್ದೆ. ಕಿಸೆ ತೋರಸು.

(ಕಿಸೆಯಿಂದ ನಾಲ್ಕು ಮಡಿಕೆಯ ಹಾಳೆ ಹೊರಬಂತು. ಮಾಸ್ತರರು ಕನ್ನಡಕ ಏರಿಸಿ ಓದಿದರು.)

ಬಸಂತರಾಯ: ‘ದುಡಗುಂಬಿ. ಮಾಹಿತಿ: ಫಕೀರಸಾಬ, ರಟ್ಟು ಕಟ್ಟುವವರು, ದೇವಣಗಾಂವ.’ ಫಕೀರಸಾಬ, ನಿಮ್ಮೂರಾಗ ರಟ್ಟು ಕಟ್ಟವರು ಎಷ್ಟು ಮಂದಿ?

ಫಕೀರಸಾಬ: ನಾ ಒಬ್ಬನರಿ.

ಬಸಂತರಾಯ: ನಿನಗ ಯಾರು ಹೇಳಿದ್ರು ಈ ಶಬ್ದ?

ಫಕೀರಸಾಬ: ಯಾರೂ ಹೇಳಿಲ್ಲರಿ. ಈ ಸಂಚಿಕೆಗಂತ ಶಬ್ದ ಕೂಡಸೋ ಪುಣ್ಯಾತ್ಮ ಒಬ್ಬ ಬಿಸಲಾಗ ನಡಕೊಂತ ಬಂದಿದ್ದ. ಹಳೇ ಶಬ್ದ ಒಂದರ ಹೇಳ್ರಿ ಅಂತ ಮೂರು ತಾಸು ಕುಂತ. ಮನಿಗೆ ಬಂದವರನ್ನ ಬರಿಗೈಲೆ ಕಳಸಬಾರದು ಅಂತಿದ್ಳು ನಮ್ಮವ್ವ ಜೈತುನಬಿ. ಕೊಡಾಕ ನನ್ನ ಕಡೆ ಶಬ್ದ ಇರಲಿಲ್ಲ. ಒಂದು ಮಾಡಿ ಕೊಟ್ಟೆ.

ಬಸಂತರಾಯ: ಮಾಡಿ ಕೊಟ್ಟಿ? ಶಬ್ದ ಅಂದ್ರ ಚುರಮುರಿ ಅಂತ ತಿಳದಿ ಏನು?

ಫಕೀರಸಾಬ: ಹಕ್ಕಿಗೆ ಕಾಳು ಬಿಡೂದು ಖರೇನರಿ. ನಮ್ಮಪ್ಪ ಬಿಡ್ತಿದ್ದ. ಅದಕ್ಕ ಹೆಸರಿರಲಿಲ್ಲ, ಅಷ್ಟ.

(ಮಾಸ್ತರರಿಗೆ ಅಳುವೇ ಬಂದಂತಾಯಿತು. ಹನ್ನೆರಡು ಪುಟ ಬರೆದಿದ್ದರು ಪಾಪ.)

ಬಸಂತರಾಯ: ಮಂದಿ ಬಾಯಾಗ ಇಲ್ಲದ್ದು ಶಬ್ದನ ಅಲ್ಲ. ಲೇಖನ ಹರದು ಒಗೀತೇನಿ. ನನ್ನ ಹೆಸರು ಇನ್ನ ಅಚ್ಚಾಗಂಗಿಲ್ಲ ಬಿಡು.

ಫಕೀರಸಾಬ: ತಪ್ಪಾತ್ರಿ ಮಾಸ್ತರ್ರ. ನಿಮ್ಮ ಮಾರಿ ನೋಡಾಕ ಆಗವಲ್ದು.

(ಒಳಗಿನಿಂದ ಮಾಸ್ತರರ ಹೆಂಡತಿ ಕಸ್ತೂರೆವ್ವನ ದನಿ ಬಂತು. ಮೂರು ತಿಂಗಳಿಂದ ಉಣ್ಣುವಾಗಲೂ ಮಲಗುವಾಗಲೂ ಗಂಡನ ಬಾಯಲ್ಲಿ ಇದೊಂದೇ ಶಬ್ದ ಕೇಳಿದಾಕೆ.)

ಕಸ್ತೂರೆವ್ವ: ಎಲ್ಲಾರೂ ಉಂಡ್ರು. ಬುಟ್ಟ್ಯಾಗ ಒಂದ ರೊಟ್ಟಿ ದುಡಗುಂಬಿ ಉಳದೈತಿ. ಉಣ್ಣಾಕ ಬರ್ತೀರೋ, ಹಕ್ಕಿಗೆ ಹಾಕ್ಲೋ?

(ಕಟ್ಟೆಯ ಮೇಲಿದ್ದ ಇಬ್ಬರೂ ಒಳಬಾಗಿಲ ಕಡೆ ತಿರುಗಿದರು. ಹರಿಯಲು ಹಿಡಿದಿದ್ದ ಹಾಳೆಗಳನ್ನು ಮಾಸ್ತರರು ತೊಡೆಯ ಮೇಲಿಟ್ಟು ಸವರಿ, ಪೆನ್ನು ತೆಗೆದರು.)

ಬಸಂತರಾಯ: ‘ಎಂಟನೂರು ವರ್ಷ’ ಹೊಡದು ಹಾಕಿದೆ. ಎರಡನೇ ಅರ್ಥ: ಗಂಡಗಂತ ಉಳಸಿದ ಕೊನೀ ರೊಟ್ಟಿ. ಮಾಹಿತಿ: ಕಸ್ತೂರೆವ್ವ, ಸಿಂದಗಿ.

ಫಕೀರಸಾಬ: ಮತ್ತ ಮೊದಲನೇ ಅರ್ಥಕ್ಕ ನನ್ನ ಹೆಸರು ಬರೀರಿ.

ಬಸಂತರಾಯ: ನಿಂದು ಮೂವತ್ತು ವರ್ಷದ ಹಿಂದನ ಅಚ್ಚಾಗೇತಿ. ನೀ ಅದನ್ನ ಕಿಸೆದಾಗ ಮುಚ್ಚಿಟ್ಟಿ. ಈಗ ನನ್ನ ಪಾಳಿ.