ಎಣ್ಣೆ ಹಚ್ಚುವ ಅತ್ತಿಗೆ

ನಮ್ಮ ಅತ್ತಿಗೆಯ ಕೈಯಲ್ಲಿ ಒಮ್ಮೆಯಾದರೂ ಎಣ್ಣೆ ಹಚ್ಚಿಸಿಕೊಳ್ಳದ ಹೆಂಗಸು ಹೊನ್ನಾವರದ ಹೊಳೆಯ ಆಚೀಚೆ ದಡದಲ್ಲಿ ಯಾರಾದರೂ ಉಳಿದಿದ್ದರೆ, ಅವಳು ನಿನ್ನೆ ಸಂಜೆಯಷ್ಟೇ ಮದುವೆಯಾಗಿ ಬಂದವಳಿರಬೇಕು! ಅವಳೂ ನಾಳೆಯ ಹೊತ್ತಿಗೆ ಸಿಕ್ಕಿಬೀಳುತ್ತಾಳೆ, ಬಿಡಿ.

ಅತ್ತಿಗೆ ಎಂದರೆ ನನ್ನ ಯಜಮಾನರ ಅಕ್ಕ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವರು. ಬಂದ ಮರುದಿನವೇ ನನ್ನ ಅಡುಗೆಮನೆಯಲ್ಲಿ ಉಪ್ಪಿನ ಮರಿಗೆಯ ಜಾಗ ಬದಲಾಯಿತು. ಅದಿನ್ನೂ ಹಳೆಯ ಜಾಗಕ್ಕೆ ಮರಳಿಲ್ಲ.

ರಾಜ್ಯ ಒಂದಾಗಿ ನಾಲ್ಕೈದು ವರ್ಷ ಕಳೆದಿರಬಹುದು, ಅತ್ತಿಗೆಯ ಎಡ ಎದೆಯಲ್ಲಿ ಒಂದು ಗಂಟು ಕಂಡಿತು. ಕಂಡದ್ದು ಅವರಿಗೆ ಮಾತ್ರ. ನಮಗೆ ತಿಳಿದದ್ದು ಒಂದು ವರ್ಷದ ಮೇಲೆ! ತಲೆನೋವು ಬಂದರೆ ಓಣಿಯ ತುದಿಗೆ ಕೇಳುವಂತೆ ನರಳುವವರು ಇದನ್ನು ಮಾತ್ರ ಸೆರಗಿನೊಳಗೇ ಇಟ್ಟುಕೊಂಡು ಎರಡು ಬೆಳೆ ಕೊಯ್ದಿದ್ದರು. ತಮ್ಮನ ಹತ್ತಿರ ಎದೆಯ ವಿಷಯ ಹೇಗೆ ಆಡುವುದು ಎಂಬುದು ಅವರ ಸಮಜಾಯಿಷಿ. ಘಟ್ಟದ ಮೇಲಿನ ದೊಡ್ಡ ಆಸ್ಪತ್ರೆಯಲ್ಲಿ ಎಡದ ಎದೆಯನ್ನೇ ತೆಗೆದರು. ವರ್ಷದ ಹಿಂದೆ ಬಂದಿದ್ದರೆ ಇಷ್ಟು ಹೆದರಬೇಕಿರಲಿಲ್ಲ, ಈಗ ಮರಳಿ ಬಂದರೂ ಬರಬಹುದು ಎಂದು ಡಾಕ್ಟರು ನೇರವಾಗಿಯೇ ಹೇಳಿದರು. ಮರಳುವಾಗ ಬಸ್ಸು ಘಟ್ಟ ಇಳಿದು ಕುಮಟೆಯಲ್ಲಿ ನಿಂತಿತು. ಅತ್ತಿಗೆ ಚಾ ಕುಡಿದು ಲೋಟ ಕೆಳಗಿಟ್ಟವರೇ ನನಗೆ ಹೇಳಿದರು:

“ಆ ಒಂದು ವರ್ಷ ನಾ ಸುಮ್ಮನಿದ್ದದ್ದು ತಪ್ಪು ತಂಗಿ. ಇನ್ನು ಯಾರನ್ನೂ ಸುಮ್ಮನಿರೂಕೆ ಬಿಡೂದಿಲ್ಲ.”

ಬಿಡಲೂ ಇಲ್ಲ! ಆದರೆ ಮೊದಲು ಕೈ ಮೇಲೇಳಬೇಕಿತ್ತು. ಎಡಗೈ ಮರಗಟ್ಟಿ ಸೊಂಟದ ಬಳಿಯೇ ನಿಂತುಬಿಟ್ಟಿತ್ತು. ದಿನಕ್ಕೆ ಮೂರು ಹೊತ್ತು ಬೆರಳುಗಳನ್ನು ಹಲ್ಲಿಯ ಹಾಗೆ ಗೋಡೆ ಹತ್ತಿಸಿ, ಮುಟ್ಟಿದಷ್ಟಕ್ಕೆ ಗೆರೆ ಎಳೆಯಿರಿ ಎಂದಿದ್ದರು ಡಾಕ್ಟರು. ಅತ್ತಿಗೆ ಇದ್ದಿಲು ಹಿಡಿದು ನಿಂತರು. ನಾನು ಅದೇ ವಾರ ಸುಣ್ಣ ಬಳಿದ ಗೋಡೆ! ಮಳೆಗಾಲ ಶುರುವಾಗುವಾಗ ಗೆರೆ ಸೊಂಟದೆತ್ತರದಲ್ಲಿತ್ತು. ಚೌತಿಗೆ ಭುಜದೆತ್ತರಕ್ಕೆ ಬಂತು. ದೀಪಾವಳಿಗೆ, ನಾನು ಅಟ್ಟದ ಅಂಚಿನಲ್ಲಿ ಬಚ್ಚಿಟ್ಟಿದ್ದ ಅಪ್ಪೆಮಿಡಿಯ ಭರಣಿಯವರೆಗೆ ಹತ್ತಿತು. ಅಲ್ಲಿಗೆ ಡಾಕ್ಟರ ಉಪಚಾರ ಪೂರ್ತಿಯಾಯಿತು, ನನ್ನ ಉಪ್ಪಿನಕಾಯಿಯೂ!

ಗೋಡೆ ಮುಗಿದ ಮೇಲೆ ಹೊಳೆ ಸಿಕ್ಕಿತು. ಕೈಗೆ ಇನ್ನೂ ಕೆಲಸ ಬೇಕೆಂದು ನೆರೆಮನೆಯವರ ಪುಟ್ಟ ದೋಣಿ ಇಳಿಸಿ ಹುಟ್ಟು ಹಾಕಲು ಹೊರಟೇಬಿಟ್ಟರು. ಮೊದಲ ದಿನ ದೋಣಿ ಗಾಣದ ಎತ್ತಿನ ಹಾಗೆ ಇದ್ದಲ್ಲೇ ಸುತ್ತಿತು. ದಡದಲ್ಲಿ ನಿಂತ ನಮ್ಮ ಯಜಮಾನರು, ಅಕ್ಕಾ ಎಲ್ಲಿಗೆ ಹೊರಟದ್ದು ಎಂದು ಕೂಗಿದರೆ, ನಾಲ್ಕೂ ದಿಕ್ಕಿಗೆ ಎಂಬ ಉತ್ತರ ಬಂತು! ಹದಿನೈದೇ ದಿನ. ಆಮೇಲೆ ದೋಣಿ ನೆಟ್ಟಗೆ ಹೋಗಿ ಹೊಳೆಯ ನಡುವಿನ ಮಾವಿನಕುರ್ವೆಗೆ ಮುಟ್ಟಿತು. ನಲವತ್ತೈದು ದಾಟಿದ ಹೆಂಗಸು ಸೀರೆ ಎತ್ತಿ ಕಟ್ಟಿ ದ್ವೀಪಕ್ಕೆ ಇಳಿದರೆ ಜನ ನೋಡದೆ ಇರುತ್ತಾರೆಯೇ? ಖಾಲಿಯಾದ ಎಡಗಡೆಗೆ ರವಿಕೆಯೊಳಗೆ ಬೂರುಗದ ಹತ್ತಿ ತುಂಬಿಕೊಳ್ಳಿ ಎಂದು ನಾನು ಮೆತ್ತೆ ಹೊಲಿದುಕೊಟ್ಟಿದ್ದೆ. ಅದರ ಹತ್ತಿ ಕಿತ್ತು ಒಗೆದು, ಎಲೆ ಅಡಿಕೆ ಸುಣ್ಣದ ಡಬ್ಬಿ ತುಂಬಿಕೊಂಡಿದ್ದರು. ದೇವರು ಜಾಗ ಖಾಲಿ ಮಾಡಿಕೊಟ್ಟ ಮೇಲೆ ಅದನ್ನು ಬೀಳು ಬಿಡಬಾರದಂತೆ!

ದೋಣಿ ಬಂತು, ದಾರಿಯಾಯಿತು. ಆದರೆ ಹೆಂಗಸರು ಸುಲಭಕ್ಕೆ ಬಗ್ಗಲಿಲ್ಲ. ಗಂಟು ಗಿಂಟು ಇದ್ದರೆ ಮುಚ್ಚಿಡಬೇಡಿ ಎಂದು ಅತ್ತಿಗೆ ಶುರುಮಾಡಿದರೆ ಎಲ್ಲರೂ ಸೆರಗು ಬಿಗಿಮಾಡಿಕೊಂಡು ಮೀನಿನ ಮಾತು ತೆಗೆಯುತ್ತಿದ್ದರು. ಎದೆ ತೋರಿಸು ಎಂದರೆ ಯಾರು ತೋರಿಸುತ್ತಾರೆ ಹೇಳಿ! ಮೂರು ತಿಂಗಳು ಹೀಗೇ ಹೋಯಿತು. ಒಂದು ದಿನ ಅಲ್ಲಿಯ ಒಂದು ಮನೆಯಲ್ಲಿ ಬಾಣಂತಿಗೆ ಎಣ್ಣೆ ಹಚ್ಚಿ ನೀರು ಹಾಕುವವಳು ಜ್ವರ ಬಂದು ಮಲಗಿದಳು. ಅತ್ತಿಗೆ ತಾವೇ ಬಚ್ಚಲಿಗೆ ನಡೆದರು. ಅವತ್ತು ಅವರಿಗೆ ಹೊಳೆಯಿತು: ಡಾಕ್ಟರಿಗೂ ತೋರಿಸದ ಮೈಯನ್ನು ನಮ್ಮ ಹೆಂಗಸರು ಎಣ್ಣೆ ತಂದವಳಿಗೆ ಕಣ್ಣುಮುಚ್ಚಿ ಒಪ್ಪಿಸಿಬಿಡುತ್ತಾರೆ!

ಅಲ್ಲಿಂದ ಮುಂದೆ ಅವರನ್ನು ಹಿಡಿಯುವವರುಂಟೆ? ಬಾಣಂತಿಯ ನೆಪದಲ್ಲಿ ಹೊಕ್ಕು, ಅತ್ತೆ, ನಾದಿನಿ, ಬೇಲಿಯಾಚೆಯ ಮುದುಕಿ, ಎಲ್ಲರನ್ನೂ ಸಾಲಾಗಿ ಕೂರಿಸಿ ಎಣ್ಣೆ ತಿಕ್ಕುತ್ತಿದ್ದರು. ಬಾಯಿ ಊರ ಸುದ್ದಿ ಆಡುತ್ತಿದ್ದರೂ ಬೆರಳು ತನ್ನ ಕೆಲಸ ಮಾಡುತ್ತಿತ್ತು. ಅದೇ ಮನೆಯ ಬಾಣಂತಿಯ ಅತ್ತೆಯ ಕಂಕುಳ ಹತ್ತಿರ ಒಂದು ದಿನ ಬೆರಳು ನಿಂತಿತು. ಆ ಹೆಂಗಸು ಆರು ತಿಂಗಳಿಂದ ಅಡಗಿಸಿಟ್ಟಿದ್ದಳು. ಮಗನನ್ನು ಕರೆದು ಆಸ್ಪತ್ರೆಗೆ ಒಯ್ಯಲು ಹೇಳಿದರೆ, ಬಲೆಯ ಕೆಲಸ ಮುಗಿಯಲಿ, ಮುಂದಿನ ತಿಂಗಳು ನೋಡುವ ಎಂದ. ಅತ್ತಿಗೆ ಬಚ್ಚಲ ಬಾಗಿಲಿಗೆ ಅಡ್ಡ ಕೂತರು.

“ನಿನ್ನ ಅವ್ವಿಗೆ ಎಣ್ಣೆ ಹಚ್ಚಿ ಕೂರ್ಸಿದ್ದೆ ಮಗಾ. ನೀರು ಹಾಕೂದು ನೀ ಹ್ಞೂಂ ಅಂದ ಮೇಲೇ.”

ಎಣ್ಣೆ ಹಚ್ಚಿಕೊಂಡವರು ನೀರು ಬೀಳದೆ ಬಚ್ಚಲು ಬಿಟ್ಟು ಬರುವಂತಿಲ್ಲವಲ್ಲ! ಮಗ ಅಂಗಳದಲ್ಲಿ ಎರಡು ಬೀಡಿ ಸೇದಿದ. ಒಳಗಿನಿಂದ ಅವನ ತಾಯಿಯೇ ಕೂಗಿದಳು, “ಹ್ಞೂಂ ಅನ್ನೋ, ಎಣ್ಣೆ ಕಣ್ಣಿಗೆ ಇಳೀತದೆ.” ಮರುದಿನ ಬಸ್ಸು ಹತ್ತಿಸಿದ. ಆ ತಾಯಿ ಈಗ ಮೊಮ್ಮಗನನ್ನು ಬೈಯುವ ದನಿ ಈಚೆ ದಡಕ್ಕೆ ಕೇಳುತ್ತದೆ. ಆ ಬೈಗುಳ ಗಾಳಿಯಲ್ಲಿ ಬಂದಾಗಲೆಲ್ಲ ಅತ್ತಿಗೆ ಕೆಲಸ ನಿಲ್ಲಿಸಿ, ಹಾಡು ಕೇಳುವವರ ಹಾಗೆ ತಲೆದೂಗುತ್ತಾರೆ.

ಹೀಗೆ ಐದಾರು ವರ್ಷ. ಊರಿಗೆಲ್ಲ ಎಣ್ಣೆ ಹಚ್ಚಿದವರು ತಮ್ಮ ಬೆನ್ನಿಗೆ ಮಾತ್ರ ಯಾರ ಕೈಯನ್ನೂ ಸೋಕಿಸಿಕೊಳ್ಳುತ್ತಿರಲಿಲ್ಲ. ಹೋದ ದೀಪಾವಳಿಯ ಬೆಳಿಗ್ಗೆ ನಾನು ಬಿಡಲಿಲ್ಲ. ಹಬ್ಬದ ದಿನ ಹಿರಿಯರಿಗೆ ಎಣ್ಣೆ ಹಚ್ಚದಿದ್ದರೆ ನನಗೆ ದೋಷ ಎಂದು ಹಟ ಹಿಡಿದೆ. ಬೇಡ ಬೇಡ ಎನ್ನುತ್ತಲೇ ಕೂತರು. ಬಲಗಡೆ, ಹೆಗಲ ಎಲುಬಿನ ಮೇಲೆ, ನನ್ನ ಬೆರಳಿಗೆ ಹುಣಸೆಬೀಜದಷ್ಟು ಗಟ್ಟಿಯಾಗಿ ಏನೋ ತಾಗಿತು.

“ಅತ್ತಿಗೆ, ಇದು ಎಷ್ಟು ದಿನ ಆತು?”

ಅತ್ತಿಗೆ ಹಂಡೆಯ ಕೆಳಗಿನ ಸೌದೆಯನ್ನು ಒಳಗೆ ನೂಕಿದರು.

“ಮೂರು ತಿಂಗಳು,” ಎಂದರು. “ಎಲ್ಲರಿಗೂ ಹೇಳಿದ್ದೆ. ನನ್ನದು ಹೇಳೂಕೆ ಮಾತ್ರ ಹೆದರಿಕೆ ಆತು ತಂಗಿ.”

ನಾನು ಬೈಯಲಿಲ್ಲ. ಮರುದಿನದ ಮೊದಲ ಬಸ್ಸಿಗೆ ಹೋಗುವುದೆಂದು ಅಲ್ಲೇ ಆಯಿತು. ಆಚೆ ದಡದಲ್ಲಿ ಒಬ್ಬ ಬಾಣಂತಿಗೆ ಇನ್ನೂ ನಾಲ್ಕು ದಿನ ನೀರು ಹಾಕುವುದಿದೆ, ಅವಳ ನಾದಿನಿಯನ್ನೂ ಮುಟ್ಟಿ ನೋಡಿಲ್ಲ, ಇನ್ನು ನೀನೇ ಹೋಗಬೇಕು ಎಂದು ಗೊಣಗಿದರು. ಗಂಟು ಹುಡುಕುವುದೆಲ್ಲ ನನಗೆ ಗೊತ್ತಾಗುವುದಿಲ್ಲ ಎಂದೆ. ಅತ್ತಿಗೆ ತಿರುಗಿ ಕೂತು, ನನ್ನ ಎಣ್ಣೆಗೈ ಹಿಡಿದು, ಮೂರು ಬೆರಳನ್ನು ತಾವೇ ತಮ್ಮ ಆ ಗಂಟಿನ ಮೇಲೆ ಇಟ್ಟುಕೊಂಡರು.

“ಗಟ್ಟಿ ಒತ್ತಬೇಡ. ಅಕ್ಕಿಯಲ್ಲಿ ಕಲ್ಲು ಹುಡುಕಿದ ಹಾಂಗೆ. ಗೊತ್ತಾತ?”

ಗೊತ್ತಾಯಿತು ಎಂದೆ. ಕಣ್ಣು ಮುಚ್ಚಿಕೊಂಡು ಇನ್ನೊಮ್ಮೆ ಹುಡುಕು ಎಂದರು. ಕಣ್ಣು ಮುಚ್ಚಿ ಹುಡುಕಿದೆ.