ಗುರುವಾರ ಆಪಾ ಮನೆಗೆ ಬಂದ ಪ್ರಶ್ನೆಗಳು

ನಗಬಾರದ ಕಡೆಯೇ ನನಗೆ ನಗು ಬರುತ್ತದೆ. ಅದರಲ್ಲೂ ಗುರುವಾರ ಬೆಳಿಗ್ಗೆ ತಪ್ಪಿದ್ದೇ ಇಲ್ಲ.

ಶಿವಾಜಿನಗರದ ಒಂದು ಮಸೀದಿಯ ಹಿಂದಿನ ಓಣಿಯಲ್ಲಿ ಆಪಾ ಅವರ ಮನೆ. ಆಪಾ ಅಂದರೆ ಅಕ್ಕ; ವಯಸ್ಸಿನಲ್ಲಿ ಚಿಕ್ಕವರಾದರೂ ನನಗೂ ಅವರು ಅಕ್ಕನೇ. ವರ್ಷಗಟ್ಟಲೆ ಧರ್ಮಶಾಸ್ತ್ರ ಓದಿ ಆಲಿಮಾ ಆದವರು. ನಮಾಜು, ರೋಜಾ, ಮದುವೆ, ಸಾವು, ಯಾವುದರಲ್ಲಿ ಏನು ಸರಿ ಏನು ತಪ್ಪು ಅಂತ ಹೆಂಗಸರು ಬಂದು ಕೇಳುತ್ತಾರೆ. ಆಪಾ ಕಿತಾಬು ತೆಗೆದು ನೋಡಿ ಹೇಳುತ್ತಾರೆ. ದಖ್ನಿ ಉರ್ದು ಮಾತಾಡುವವರಿಗೆ ನೇರವಾಗಿ, ಕನ್ನಡದವರಿಗೆ ನನ್ನ ಮೂಲಕ. ಆಪಾ ಅವರ ಕನ್ನಡ, ತರಕಾರಿ ಕೊಳ್ಳುವುದಕ್ಕೆ ಸಾಕಾಗುತ್ತದೆ, ಅಷ್ಟೇ. ನಾನು ಸರ್ಕಾರಿ ಶಾಲೆಯಲ್ಲಿ ಕನ್ನಡ ಪಾಠ ಮಾಡಿ ರಿಟೈರ್ ಆದವಳು.

ಇಂಥ ಪ್ರಶ್ನೆಗೆ ನಮ್ಮಲ್ಲಿ ಮಸ್ಲಾ ಅನ್ನುತ್ತಾರೆ. ನಾನು ಬಾಗಿಲಿಗೆ ‘ಗುರುವಾರ ಮಸ್ಲಾ ಕೇಳಬಹುದು’ ಅಂತ ಬರೆದು ಅಂಟಿಸಿದ ವಾರವೇ ಒಬ್ಬಾಕೆ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದು, ‘ಬಿರಿಯಾನಿದು ಕಾಲ್ ಕೆಜಿ ಕೊಡಿ’ ಅಂದರು.

ಆದರೆ ಬರುವವರಲ್ಲಿ ಮುಕ್ಕಾಲು ಪಾಲು ಯಾರನ್ನೋ ಕಳೆದುಕೊಂಡವರು. ಅದನ್ನು ನೇರವಾಗಿ ಹೇಳಲಾರದೆ ಮಸ್ಲಾ ಮಾಡಿಕೊಂಡು ಬರುತ್ತಾರೆ. ನಾನೂ ಹಾಗೆಯೇ ಬಂದವಳು.

ಚಂದ್ರನ ಮುಂದೆ ಪರದಾ

ನಮ್ಮ ಯಜಮಾನರಿಗೆ ಪುಸ್ತಕದ ಬೈಂಡಿಂಗ್ ಅಂಗಡಿ ಇತ್ತು. ಒಂದು ಮಧ್ಯಾಹ್ನ ಊಟಕ್ಕೆ ಬಂದು, ಕೈ ತೊಳೆದು, ಹಾಗೇ ಗೋಡೆಗೆ ಒರಗಿದರು. ಮುಗಿದೇ ಹೋಯಿತು. ಅವರ ಉಗುರಿನ ಸಂದಿಯಲ್ಲಿ ಇನ್ನೂ ಅಂಟು ಇತ್ತು.

ಗಂಡ ತೀರಿಕೊಂಡ ಹೆಂಡತಿ ನಾಲ್ಕು ತಿಂಗಳು ಹತ್ತು ದಿನ ಮನೆಯಲ್ಲೇ ಇರಬೇಕು, ಅದಕ್ಕೆ ಇದ್ದತ್ ಅನ್ನುತ್ತಾರೆ. ಅದು ನನಗೆ ಗೊತ್ತಿತ್ತು. ಗೊತ್ತಿಲ್ಲದ್ದನ್ನು ಹೇಳಿಕೊಡಲು ಓಣಿಯ ಹೆಂಗಸರೆಲ್ಲ ಬಂದರು. ಕನ್ನಡಿ ನೋಡಬಾರದು. ತಲೆ ಬಾಚಬಾರದು. ಒಬ್ಬಾಕೆಯಂತೂ ಕಿಟಕಿಗೆ ಅಡ್ಡವಾಗಿ ಬೆಡ್‌ಶೀಟ್ ಕಟ್ಟಿಬಿಟ್ಟಳು. ಯಾಕೆ ಅಂದರೆ, ‘ಸಂಜೆ ಚಂದ್ರ ಕಾಣ್ತಾನೆ. ಚಂದ್ರ ಗಂಡಸಲ್ವಾ?’

ನಮ್ಮ ಯಜಮಾನರು ದಿನಾ ಸಂಜೆ ಆ ಕಿಟಕಿಯ ಹತ್ತಿರವೇ ಕೂತು ಟೀ ಕುಡಿಯುತ್ತಿದ್ದರು. ಅಲ್ಲಿ ಕೂತರೆ ಅವರು ಎದುರಿಗೆ ಇದ್ದ ಹಾಗೆ ಅನ್ನಿಸುತ್ತಿತ್ತು. ಅದೂ ಹೋಯಿತಲ್ಲ ಅಂತ ಒಂದು ವಾರ ಕತ್ತಲೆಯಲ್ಲಿ ಅತ್ತೆ. ಕೊನೆಗೆ ಯಾರೋ ಕೊಟ್ಟ ನಂಬರಿಗೆ ಫೋನ್ ಮಾಡಿದೆ. ಆಗ ಆಪಾ ಯಾರು ಅಂತಲೇ ನನಗೆ ಗೊತ್ತಿರಲಿಲ್ಲ.

ಎಲ್ಲ ಕೇಳಿಸಿಕೊಂಡು ಅವರು ಹೇಳಿದರು: ‘ಒಡವೆ, ಸುಗಂಧ, ಅಲಂಕಾರ ಬೇಡ. ಅಗತ್ಯ ಇಲ್ದೆ ಮನೆ ಬಿಟ್ಟು ಹೋಗ್ಬಾರ್ದು. ಡಾಕ್ಟರ್ ಹತ್ರ ಹೋಗ್ಬೇಕಾದ್ರೆ ಹೋಗ್ಬಹುದು. ತಲೆ ಬಾಚ್ಕೊಳ್ಳಿ. ಕಿಟಕಿ ತೆಗೀರಿ.’

‘ಮತ್ತೆ ಚಂದ್ರ?’ ಅಂದೆ ನಾನು. ಮೂವತ್ತು ವರ್ಷ ಪಾಠ ಮಾಡಿದವಳು ಹೀಗೆ ಕೇಳಿದೆನಲ್ಲ ಅಂತ ಈಗ ನಾಚಿಕೆಯಾಗುತ್ತದೆ. ದುಃಖದಲ್ಲಿ ಬುದ್ಧಿ ಎಲ್ಲಿರುತ್ತದೆ?

ಆಪಾ ಕೇಳಿದರು, ‘ಚಿಕ್ಕೋರಿದ್ದಾಗ ಅವನನ್ನ ಏನಂತ ಕರೀತಿದ್ರಿ?’

‘ಚಂದಾಮಾಮ.’

‘ಸರಿ ಮತ್ತೆ! ಸ್ವಂತ ಸೋದರಮಾವನ ಮುಂದೆ ಪರದಾ ಯಾಕಮ್ಮ?’

ಯಜಮಾನರು ಹೋದ ಮೇಲೆ ನಾನು ನಕ್ಕಿದ್ದು ಅವತ್ತೇ ಮೊದಲು. ನಕ್ಕೆ ಅಂತ ಗೊತ್ತಾದ ಕೂಡಲೇ ಅಳು ಬಂತು. ಆಪಾ ಫೋನ್ ಇಡಲಿಲ್ಲ, ನಾನು ಸುಮ್ಮನಾಗುವವರೆಗೂ ಹಾಗೇ ಇದ್ದರು. ಇದ್ದತ್ ಮುಗಿದ ಮೊದಲ ಗುರುವಾರ ನಾನೇ ಅವರ ಮೆಟ್ಟಿಲು ಹತ್ತಿದೆ. ಕನ್ನಡದಲ್ಲಿ ಹೇಳುವುದಕ್ಕೆ ಜನ ಬೇಕಾಗಿತ್ತು, ಅಲ್ಲೇ ಉಳಿದುಕೊಂಡೆ.

ಚಾಪೆ ಸರಿ ಮಾಡಿದ ಸೊಸೆ

ಕಗ್ಗದಾಸಪುರದಿಂದ ಒಬ್ಬ ಸೊಸೆ ಬಂದಳು. ಮೂವತ್ತರ ಆಸುಪಾಸು, ಕಣ್ಣು ಊದಿಕೊಂಡಿತ್ತು. ಅತ್ತೆ ತೀರಿಕೊಂಡು ಇಪ್ಪತ್ತು ದಿನ ಆಗಿತ್ತು.

ಅವರು ಆ ಫ್ಲ್ಯಾಟಿಗೆ ಬಂದು ಎರಡು ವರ್ಷವಂತೆ. ಸುತ್ತ ಬಿಲ್ಡಿಂಗ್‌ಗಳು, ಬಿಸಿಲು ಯಾವ ಕಡೆಯಿಂದ ಬರುತ್ತದೆ ಅಂತಲೂ ತಿಳಿಯುವುದಿಲ್ಲ. ನಮಾಜಿಗೆ ಕಾಬಾದ ಕಡೆ ಮುಖ ಮಾಡಬೇಕು. ನಮ್ಮೂರಿಗೆ ಅದು ಪಶ್ಚಿಮ, ತುಸು ಉತ್ತರಕ್ಕೆ. ಸೊಸೆ ಮೊಬೈಲಿನಲ್ಲಿ ದಿಕ್ಕು ನೋಡಿ ಚಾಪೆ ಹಾಸಿದಳು. ಅತ್ತೆ ಮಾತ್ರ, ‘ಸೂರ್ಯ ಮುಳುಗೋದು ಈ ಕಡೆ ಅನ್ಸುತ್ತೆ ಕಣೇ’ ಅಂತ ಚಾಪೆಯನ್ನು ಬಲಕ್ಕೆ ತಿರುಗಿಸಿಕೊಳ್ಳುತ್ತಿದ್ದರು. ಇವಳು ಬಂದು, ‘ಅಮ್ಮೀ, ನಿಮಗೆ ಗೊತ್ತಾಗಲ್ಲ’ ಅಂತ ಮತ್ತೆ ಸರಿ ಮಾಡುತ್ತಿದ್ದಳು. ಒಂದು ದಿನ ಸ್ವಲ್ಪ ಜೋರಾಗಿಯೇ ಹೇಳಿದಳಂತೆ. ಅವತ್ತಿನಿಂದ ಅತ್ತೆ ಮಾತಾಡದೆ ಇವಳು ಹಾಸಿದ ಕಡೆಯೇ ನಿಂತರು.

ಅತ್ತೆ ಹೋದ ಮೇಲೆ ಅವರ ಹಾಸಿಗೆ ಒಣಗಿಸಬೇಕು ಅಂತ ಓನರ್ ಹತ್ತಿರ ತಾರಸಿಯ ಕೀ ಕೇಳಿದಳು. ಮೊದಲ ಸಲ ತಾರಸಿ ಹತ್ತಿದ್ದು. ಸಂಜೆ ಹಾಸಿಗೆ ಎತ್ತುವಾಗ ನೋಡಿದರೆ, ಸೂರ್ಯ ಅತ್ತೆ ಹೇಳಿದ ಕಡೆಯೇ ಮುಳುಗುತ್ತಿದ್ದ. ಮೊಬೈಲಿನ ಕವರಿನಲ್ಲಿ ಮ್ಯಾಗ್ನೆಟ್ ಇತ್ತಂತೆ. ಅದು ದಿಕ್ಕನ್ನೇ ತಿರುಗಿಸಿಬಿಟ್ಟಿತ್ತು.

‘ಎರಡು ವರ್ಷ ಕಾಬಾ ಬಿಟ್ಟು ಹೊಸೂರ್ ಕಡೆ ನಮಾಜ್ ಮಾಡಿದ್ವಿ ಆಪಾ,’ ಅಂತ ಬಿಕ್ಕಿದಳು. ‘ನಂದು ಹಾಳಾಗ್ಲಿ, ಅಮ್ಮೀದು? ಅವರು ಸರಿಯಾಗಿ ಹಾಕ್ಕೊಂಡಿದ್ದನ್ನ ನಾನೇ ಕೆಡಿಸ್ದೆ. ಅವರ ನಮಾಜೆಲ್ಲಾ ಎಲ್ಲಿಗೆ ಹೋಯ್ತು?’

ಆಪಾ ಅವಳ ಕೈ ಹಿಡಿದುಕೊಂಡರು. ತನಗೆ ಆದಷ್ಟು ವಿಚಾರಿಸಿ, ಇದೇ ಸರಿಯಾದ ದಿಕ್ಕು ಅಂತ ನಂಬಿ ಮಾಡಿದ ನಮಾಜು ನಮಾಜೇ. ತಪ್ಪು ಆಮೇಲೆ ಗೊತ್ತಾದರೆ ಹಿಂದಿನದನ್ನು ಮತ್ತೆ ಮಾಡಬೇಕಾಗಿಲ್ಲ, ಮುಂದಿನದನ್ನು ಸರಿ ಮಾಡಿಕೊಂಡರೆ ಸಾಕು. ಅಲ್ಲಾಹ್ ಇಲ್ಲದ ದಿಕ್ಕು ಯಾವುದೂ ಇಲ್ಲ. ಇಷ್ಟನ್ನೂ ನಿಧಾನವಾಗಿ ಹೇಳಿದರು.

‘ಅಮ್ಮೀ ನನ್ನನ್ನ ಕ್ಷಮಿಸಿರ್ತಾರಾ?’

‘ಅವರಿಗೋಸ್ಕರ ದುಆ ಮಾಡು. ಅತ್ತೆ ಹೇಳಿದ್ದೇ ಸರಿ ಅಂತ ಊರವರ ಮುಂದೆ ಒಪ್ಕೊಂಡ ಸೊಸೆಯನ್ನ ನಾನು ಇವತ್ತೇ ನೋಡಿದ್ದು. ಇದಕ್ಕಿಂತ ದೊಡ್ಡ ಪುಣ್ಯ ಅವರಿಗೆ ಬೇರೇನು ಕಳಿಸ್ತೀಯ?’

ಹೂವಿನಮ್ಮನ ಉಪವಾಸ

ಹಲಸೂರಿನಿಂದ ಬಂದ ಹೂವಿನಮ್ಮ ಹಣೆ ತುಂಬ ಕುಂಕುಮ ಇಟ್ಟುಕೊಂಡಿದ್ದರು. ಬಾಗಿಲಲ್ಲೇ ನಿಂತು, ‘ನಾನು ಒಳಗೆ ಬರಬಹುದಾ?’ ಅಂತ ಕೇಳಿದರು. ಆಪಾ ಎದ್ದು ಹೋಗಿ ಕರೆದುಕೊಂಡು ಬಂದರು.

ಮಾರ್ಕೆಟ್ಟಿನಲ್ಲಿ ಅವರ ಬುಟ್ಟಿಯ ಪಕ್ಕದಲ್ಲಿ ನಮ್ಮ ಪೈಕಿ ಒಬ್ಬಾಕೆ ಬಳೆ ಮಾರುತ್ತಿದ್ದಳು. ಇಬ್ಬರೂ ಇಪ್ಪತ್ತೆಂಟು ವರ್ಷ ಅಕ್ಕಪಕ್ಕ ಕೂತವರು. ಹೋದ ರಂಜಾನಿನಲ್ಲಿ ಬಳೆಯಾಕೆಗೆ ಜ್ವರ ಬಂದು ಹದಿನಾಲ್ಕು ರೋಜಾ ತಪ್ಪಿಹೋಯಿತು. ಆಮೇಲೆ ಹುಷಾರಾದಳು. ‘ಚಳಿಗಾಲದಲ್ಲಿ ಹಗಲು ಚಿಕ್ಕದು, ಆಗ ಇಟ್ಕೊಳ್ತೀನಿ’ ಅನ್ನುತ್ತಿದ್ದಳಂತೆ. ಚಳಿಗಾಲ ಬರುವ ಮೊದಲೇ ಹೊರಟುಹೋದಳು.

‘ಸಾಯೋ ಹಿಂದಿನ ದಿನಾನೂ ಅದನ್ನೇ ಹೇಳಿದ್ಳು ಕಣಮ್ಮ, ಹದಿನಾಲ್ಕು ಬಾಕಿ ಇದೆ ಅಂತ,’ ಅಂದರು ಹೂವಿನಮ್ಮ. ‘ಅದಕ್ಕೇ ಅವಳ ಹೆಸರಲ್ಲಿ ನಾನು ಶುರು ಮಾಡ್ದೆ. ಒಂಬತ್ತು ಆಯ್ತು. ಲೆಕ್ಕಕ್ಕೆ ಬರುತ್ತಾ?’

‘ಹೇಗೆ ಮಾಡಿದ್ರಿ?’ ಅಂತ ಆಪಾ ಕೇಳಿದರು.

‘ಬೆಳಿಗ್ಗೆ ಸ್ನಾನ ಮಾಡಿ, ಅವಳ ದೇವರಿಗೆ ಕೈ ಮುಗಿದು, ಏನೂ ತಿನ್ನದೆ ಇದ್ದೆ. ಮಧ್ಯಾಹ್ನ ಎರಡು ಬಾಳೆಹಣ್ಣು, ಒಂದು ಕಾಫಿ.’

ನಾನು ಇದನ್ನು ಅನುವಾದ ಮಾಡುವಾಗ ಬಾಳೆಹಣ್ಣನ್ನು ಬಿಟ್ಟುಬಿಡೋಣ ಅಂತ ನೋಡಿದೆ. ಆಪಾಗೆ ತರಕಾರಿ ಕನ್ನಡ ಬರುತ್ತದೆ ಅಂದೆನಲ್ಲ, ಹಣ್ಣಿನ ಕನ್ನಡವೂ ಬರುತ್ತಿತ್ತು. ಅವರು ನಗಲಿಲ್ಲ. ಸೆರಗಿನಿಂದ ಕಣ್ಣು ಒರೆಸಿಕೊಂಡರು.

‘ಒಬ್ಬರ ರೋಜಾ ಇನ್ನೊಬ್ಬರು ಇಡೋಕಾಗಲ್ಲ ಅಮ್ಮ. ಆದ್ರೆ ತಪ್ಪಿದ ಒಂದೊಂದು ರೋಜಾಕ್ಕೆ ಒಬ್ಬ ಬಡವರಿಗೆ ಎರಡು ಹೊತ್ತು ಊಟ ಹಾಕಬಹುದು. ಅವರ ಮಕ್ಕಳು ಮಾಡಬಹುದು. ಮನಸ್ಸಿದ್ರೆ ನೀವೂ ಮಾಡಬಹುದು. ನಿಮ್ಮ ಒಂಬತ್ತು ದಿನದ ವಿಷಯ ಕಿತಾಬಲ್ಲಿ ಇಲ್ಲ. ಅದು ಮೇಲಿರೋನಿಗೆ ಗೊತ್ತು.’

‘ಹದಿನಾಲ್ಕು ಜನಕ್ಕೆ ಅಡುಗೆನಾ!’ ಹೂವಿನಮ್ಮ ತಲೆ ಮೇಲೆ ಕೈ ಇಟ್ಟುಕೊಂಡರು. ‘ಇದ್ದಾಗ್ಲೂ ಹೀಗೇ, ಕಷ್ಟದ ಕೆಲಸ ಎಲ್ಲಾ ನನ್ನ ತಲೆಗೇ ಕಟ್ಟೋಳು.’

ತಿಂಗಳಾದ ಮೇಲೆ ಒಂದು ಮೊಳ ಮಲ್ಲಿಗೆ ಹಿಡಿದುಕೊಂಡು ಮತ್ತೆ ಬಂದರು. ಎಲ್ಲರಿಗೂ ಊಟ ಹಾಕಿ ಮುಗಿಸಿದ್ದರು. ಒಂದೇ ಒಂದು ಅನುಮಾನ.

‘ಹದಿಮೂರು ಜನ ಸಿಕ್ಕಿದ್ರು ಕಣಮ್ಮ. ಕೊನೇದು ಯಾರೂ ಸಿಗ್ಲಿಲ್ಲ, ಅನ್ನ ಆರ್ತಾ ಇತ್ತು. ನಾನೇ ತಿಂದ್ಬಿಟ್ಟೆ. ನಾನೂ ಬಡವಳೇ ತಾನೆ?’

ಎಡಗಡೆಯ ಭುಜ

ಇದನ್ನು ಹಾಸ್ಯ ಅನ್ನಬೇಕೋ ಬೇಡವೋ ನನಗೆ ತಿಳಿಯದು. ಕೆ.ಆರ್. ಪುರದ ಒಬ್ಬ ತಾಯಿಯ ಹತ್ತೊಂಬತ್ತು ದಿನದ ಮಗು ಹೋಗಿತ್ತು. ಮೂಲೆಯಲ್ಲಿ ಕೂತು ಎಲ್ಲರೂ ಹೋಗುವವರೆಗೆ ಕಾದಳು.

‘ಅವಳು ಅಲ್ಲಿ ಯಾರ ಹತ್ರ ಇರ್ತಾಳೆ ಆಪಾ?’

ಎಳೆಯ ಮಕ್ಕಳು ಪ್ರವಾದಿ ಇಬ್ರಾಹೀಮರ, ಅವರ ಹೆಂಡತಿ ಸಾರಾ ಅವರ ಆರೈಕೆಯಲ್ಲಿರುತ್ತಾರೆ ಅಂತ ಹಿರಿಯರು ತಿಳಿಸಿದ್ದಾರೆ ಎಂದು ಆಪಾ ಹೇಳಿದರು.

ತಾಯಿ ಯೋಚನೆ ಮಾಡಿದಳು. ‘ಅವರಿಗೆ ತುಂಬಾ ಮಕ್ಕಳು ಇರ್ತಾರಲ್ವಾ?’

‘ತುಂಬಾ.’

‘ಹಾಗಾದ್ರೆ ದುಆದಲ್ಲಿ ಒಂದು ಮಾತು ಹೇಳ್ಬಿಡಿ. ಇವಳನ್ನ ಎಡಗಡೆ ಭುಜದ ಮೇಲೆ ಹಾಕ್ಕೊಂಡ್ರೆ ಮಾತ್ರ ಸುಮ್ನಾಗ್ತಾಳೆ. ಬಲಗಡೆ ಹಾಕ್ಕೊಂಡ್ರೆ ಸ್ವರ್ಗದಲ್ಲಿ ಯಾರಿಗೂ ನಿದ್ದೆ ಮಾಡೋಕೆ ಬಿಡಲ್ಲ.’

ಆಪಾ ಅಲ್ಲೇ ದುಆಕ್ಕೆ ಕೈ ಎತ್ತಿದರು. ನಾವು ಮೂವರೂ ನಗುತ್ತಿದ್ದೆವು, ಮೂವರ ಮುಖವೂ ಒದ್ದೆಯಾಗಿತ್ತು.

ಐವತ್ತು ವರ್ಷದ ಅಪರಿಚಿತೆ

ಮರ್ಫಿ ಟೌನಿನಲ್ಲಿ ಎಲ್ಲರೂ ಖಾಲಾ, ಅಂದರೆ ಚಿಕ್ಕಮ್ಮ, ಅನ್ನುವ ಒಬ್ಬರಿಗೆ ಎಪ್ಪತ್ತು ದಾಟಿದೆ. ಅವರ ಯಜಮಾನರು ಲಾರಿ ಮೆಕ್ಯಾನಿಕ್ ಆಗಿದ್ದವರು, ಮಹಾ ಕೋಪಿಷ್ಠರು, ಒಂದು ಹೊತ್ತಿನ ನಮಾಜು ಬಿಟ್ಟವರಲ್ಲ. ಮೂರು ವರ್ಷದಿಂದ ಅವರಿಗೆ ಮರೆವು. ಒಂದು ನಮಾಜನ್ನು ನಾಲ್ಕು ಸಲ ಮಾಡುತ್ತಾರೆ. ಮಗಳನ್ನು ಅಮ್ಮಾ ಅನ್ನುತ್ತಾರೆ. ಅಳಿಯನನ್ನು ಗ್ಯಾರೇಜಿನ ಮೇಸ್ತ್ರಿ ಅಂದುಕೊಂಡಿದ್ದಾರೆ. ಹೆಂಡತಿ ಯಾರು ಅಂತ ಮಾತ್ರ ಪೂರ್ತಿ ಅಳಿಸಿಹೋಗಿದೆ.

‘ನಾನು ರೂಮಿಗೆ ಹೋದ್ರೆ ಎದ್ದು ನಿಂತು ತಲೆ ತಗ್ಗಿಸ್ತಾರೆ,’ ಅಂದರು ಖಾಲಾ. ‘ಬೇರೆ ಹೆಂಗಸಿನ ಜೊತೆ ಒಂದೇ ರೂಮಲ್ಲಿ ಇರ್ಬಾರ್ದು ಅಂತ ಬಾಗಿಲು ಅಗಲ ತೆಗೆದಿಡ್ತಾರೆ. ಐವತ್ತು ವರ್ಷದಲ್ಲಿ ನನಗೆ ಇಷ್ಟು ಮರ್ಯಾದೆ ಯಾವತ್ತೂ ಸಿಕ್ಕಿರ್ಲಿಲ್ಲ.’

ಹೇಳುತ್ತಾ ನಕ್ಕರು. ಆಮೇಲೆ ನಿಜವಾದ ತೊಂದರೆ ಹೇಳಿದರು. ಸ್ನಾನ ಮಾಡಿಸಲು ಬಿಡುವುದಿಲ್ಲ. ಹರಾಮ್ ಹರಾಮ್ ಅಂತ ಕೂಗಿ ಬಾಗಿಲು ಹಾಕಿಕೊಳ್ಳುತ್ತಾರೆ. ಹಿಂದಿನ ವಾರ ಒಳಗೆ ಜಾರಿ ಬಿದ್ದು ಹುಬ್ಬಿಗೆ ಹೊಲಿಗೆ ಹಾಕಿಸಿದ್ದಾರೆ.

‘ನಾನು ನರ್ಸ್ ಅಂತ ಸುಳ್ಳು ಹೇಳ್ಲಾ ಆಪಾ? ಪಾಪ ಬರುತ್ತಾ?’

ಆಪಾ ಯೋಚಿಸಿದರು. ಬುದ್ಧಿ ಹೋದವರಿಗೆ ನಮಾಜಿನ ಹೊಣೆ ಇಲ್ಲ, ಎಷ್ಟು ಸಲ ಮಾಡಿದರೂ ಬಿಟ್ಟರೂ ಕೇಳುವವರಿಲ್ಲ ಅಂದರು. ‘ಸುಳ್ಳು ಯಾಕೆ ಖಾಲಾ? ಇನ್ನೊಂದ್ಸಲ ನಿಕಾಹ್ ಮಾಡ್ಕೊಳ್ಳಿ. ಅವರ ಸಮಾಧಾನಕ್ಕೆ. ಇದರಿಂದ ಹಳೇ ನಿಕಾಹ್‌ಗೆ ಏನೂ ಆಗಲ್ಲ, ಅದು ಗಟ್ಟಿಯಾಗೇ ಇದೆ.’

ಖಾಲಾ ಮುಖ ಕೆಂಪಾಯಿತು. ಆ ವಯಸ್ಸಿನಲ್ಲಿ!

ಮುಂದಿನ ಗುರುವಾರ ಎಲ್ಲರಿಗಿಂತ ಮೊದಲು ಬಂದು ಕೂತಿದ್ದರು. ಮುಖದಲ್ಲಿ ಏನಿದೆ ಅಂತ ತಿಳಿಯಲಿಲ್ಲ.

‘ಏನಾಯ್ತು ಖಾಲಾ?’

ಮಗಳು ಮಂಚಕ್ಕೆ ಹೊಸ ಹಾಸು ಹಾಸಿದಳಂತೆ. ಅಳಿಯ ಮತ್ತು ಪಕ್ಕದ ಮನೆಯವರು ಸಾಕ್ಷಿಗೆ ಕೂತರಂತೆ. ಖಾಲಾ ಹಸಿರು ದುಪಟ್ಟಾ ಹೊದ್ದು ಬಾಗಿಲಲ್ಲಿ ನಿಂತರು. ಅಳಿಯ ಕೇಳಿದ, ‘ಮಾವ, ಈ ತಾಯಿ ನಿಮ್ಮ ಸೇವೆ ಮಾಡೋಕೆ ಬಂದಿದ್ದಾರೆ. ನಿಕಾಹ್ ಮಾಡ್ಕೊಳ್ತೀರಾ?’

ಯಜಮಾನರು ಗಾಬರಿಯಾಗಿ ಕೈ ಮುಗಿದರಂತೆ. ‘ತಪ್ಪು ತಿಳೀಬೇಡಿ. ನಿಮ್ಮಲ್ಲಿ ಏನೂ ಕೊರತೆ ಇಲ್ಲ. ಆದ್ರೆ ನನಗೆ ಮನೇಲಿ ಹೆಂಡತಿ ಇದ್ದಾಳೆ.’

ಆಪಾ ಕೈಯಲ್ಲಿದ್ದ ಕಿತಾಬು ಮುಚ್ಚಿದರು. ನಾನು ಕಿಟಕಿಯ ಕಡೆ ತಿರುಗಿಕೊಂಡೆ. ಖಾಲಾ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಈಗ ಅಳಿಯನೇ ಸ್ನಾನ ಮಾಡಿಸುತ್ತಾನೆ, ಮೇಸ್ತ್ರಿ ಅಲ್ಲವಾ, ಅವನ ಮಾತು ಕೇಳುತ್ತಾರೆ ಅಂದರು.

‘ಅವರು ಹಾಗಂದಾಗ ನೀವು ಏನೂ ಹೇಳ್ಲಿಲ್ವಾ?’ ಅಂತ ನಾನು ಕೇಳಿದೆ.

‘ಹೇಳ್ದೆ ಟೀಚರ್. ನಿಮ್ಮ ಹೆಂಡತಿ ಹತ್ರ ಪರ್ಮಿಷನ್ ತಗೊಂಡೇ ಬಂದಿದ್ದೀನಿ ಅಂದೆ.’

‘ಅದಕ್ಕೆ?’

‘ನನ್ನನ್ನ ಮೇಲಿಂದ ಕೆಳಗೆ ನೋಡಿದ್ರು. ನೋಡಿ, “ಅವಳು ಕೊಟ್ಳಾ? ಸಾಧ್ಯಾನೇ ಇಲ್ಲ. ನಿಮಗೆ ಅವಳ ವಿಷಯ ಗೊತ್ತಿಲ್ಲ, ನನಗೆ ಗೊತ್ತು,” ಅಂದ್ರು.’